ಹೆಬ್ಬಾಳದ ದಾರಿ: ಎತ್ತಿನ ಗಾಡಿಯಿಂದ ಮೇಲ್ಸೇತುವೆಯವರೆಗೆ



ಹೊರದೇಶಗಳಲ್ಲಿ ನೆಲೆಸಿರುವ ನಿಮ್ಮಲ್ಲಿ ಅನೇಕರು ಊರಿಗೆ ಬಂದಾಗ ಮೊದಲು ಆಡುವ ಮಾತು ಒಂದೇ. "ಸಾರ್, ವಿಮಾನದಲ್ಲಿ ಬಂದದ್ದು ಸುಲಭವಾಯಿತು, ಹೆಬ್ಬಾಳ ದಾಟುವುದೇ ಕಷ್ಟವಾಯಿತು!" ಈ ಮಾತನ್ನು ಎಷ್ಟು ಬಾರಿ ಕೇಳಿದ್ದೇನೆಂದರೆ, ಮೂವತ್ತು ವರ್ಷ ಸಮಾಜ ವಿಜ್ಞಾನ ಬೋಧಿಸಿದವನಾಗಿ ಆ ರಸ್ತೆಯ ಚರಿತ್ರೆಯನ್ನು ಒಮ್ಮೆ ಬರೆದಿಡುವುದು ನನ್ನ ಕರ್ತವ್ಯವೆಂದೇ ತೋರಿತು.

ಹೆಬ್ಬಾಳವನ್ನು ಈಚಿನ ಬಡಾವಣೆ ಎಂದು ಭಾವಿಸುವವರೇ ಹೆಚ್ಚು. ಆದರೆ 2018ರಲ್ಲಿ ಅಲ್ಲಿ ದೊರೆತ ವೀರಗಲ್ಲು ಸುಮಾರು ಕ್ರಿ.ಶ. 750ರದು, ಗಂಗ ದೊರೆ ಶ್ರೀಪುರುಷನ ಕಾಲದ್ದು. ಕಿತ್ತಯ್ಯನೆಂಬ ವೀರ ಶತ್ರುಗಳೊಡನೆ ಕಾದಾಡಿ ಮಡಿದ ಸಂಗತಿ ಅದರಲ್ಲಿದೆ. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕ ಕನ್ನಡ ಶಾಸನಗಳಲ್ಲಿ ಇದೇ ಅತ್ಯಂತ ಹಳೆಯದೆಂದು ವಿದ್ವಾಂಸರು ಹೇಳುತ್ತಾರೆ. ಶಾಸನದಲ್ಲಿ ಬರುವ 'ಪೆರ್ಬೊಳಲ್ ನಾಡು' ಎಂಬ ಹೆಸರನ್ನು ಗಮನಿಸಿ. ಪಿರಿಯ ಪೊಳಲ್, ಅಂದರೆ ದೊಡ್ಡ ಊರು. ಹಳಗನ್ನಡದ ಪಕಾರ ಹಕಾರವಾಗುವುದನ್ನು ತರಗತಿಯಲ್ಲಿ ಪಾಲು-ಹಾಲು, ಪೂವು-ಹೂವು ಎಂದು ಕಲಿತದ್ದು ನೆನಪಿದೆಯಷ್ಟೆ? ಪೆರ್ಬೊಳಲ್ ಹೆಬ್ಬಾಳವಾದದ್ದು ಅದೇ ನಿಯಮದಿಂದ. ಕೆಂಪೇಗೌಡರು ಕೋಟೆ ಕಟ್ಟುವ ಮೊದಲೇ ಅದು ಹಿರಿದಾದ ಊರಾಗಿತ್ತೆಂದ ಮೇಲೆ, ಜನ ಅಲ್ಲಿ ಸೇರುವುದು ಹೊಸತೇನಲ್ಲ!

ರಸ್ತೆಯ ವಿಷಯಕ್ಕೆ ಬರೋಣ. ಉತ್ತರದ ಯಲಹಂಕ, ದೇವನಹಳ್ಳಿ, ಚಿಕ್ಕಬಳ್ಳಾಪುರಗಳಿಂದ ಪೇಟೆಗೆ ಬರುವ ದಾರಿ ಇದು. ಕೆಂಪೇಗೌಡರ ನಾಲ್ಕು ಗೋಪುರಗಳಲ್ಲಿ ಉತ್ತರದ್ದು ಇಂದಿಗೂ ಮೇಖ್ರಿ ವೃತ್ತದ ಬಳಿ ಬಂಡೆಯ ಮೇಲಿದೆ. ಆ ವೃತ್ತಕ್ಕೆ ಹೆಸರು ಕೊಟ್ಟ ಇನಾಯತುಲ್ಲಾ ಮೇಖ್ರಿಯವರು ಯಾರೆಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ತಲೆಯಾಡಿಸುತ್ತಾರೆ. ಅವರು ಸ್ವಾತಂತ್ರ್ಯ ಹೋರಾಟಗಾರರು, ದಾನಿಗಳು. ಆಗ ಅಲ್ಲಿ ಕಡಿದಾದ ದಿಬ್ಬವಿತ್ತು. ಹಳ್ಳಿಗಳಿಂದ ಸರಕು ಹೇರಿಕೊಂಡು ಬರುವ ಗಾಡಿಯ ಎತ್ತುಗಳು ಏರಿನಲ್ಲಿ ನೊಗ ಎಳೆಯಲಾರದೆ ಮುಗ್ಗರಿಸಿ ಬೀಳುತ್ತಿದ್ದವಂತೆ. ಅದನ್ನು ಕಂಡು ಮರುಗಿದ ಮೇಖ್ರಿಯವರು 1935ರ ಸುಮಾರಿಗೆ ಸ್ವಂತ ಹಣದಿಂದ ದಿಬ್ಬವನ್ನು ತಗ್ಗಿಸಿ ರಸ್ತೆಯನ್ನು ಹಸನು ಮಾಡಿಸಿದರೆಂದು ಹೇಳುತ್ತಾರೆ. ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ ಕಾಲ ಅದು. ಈ ರಸ್ತೆಯಲ್ಲಿ ಸಂಚಾರ ಸುಗಮಗೊಳಿಸಲು ನಡೆದ ಮೊದಲ ಕಾಮಗಾರಿ ಬಹುಶಃ ಇದೇ ಇರಬೇಕು. ಪೇಟೆಯವರಿಗಾಗಿ ಅಲ್ಲ, ಎತ್ತುಗಳಿಗಾಗಿ!

ನಾನು ಕೆಲಸಕ್ಕೆ ಸೇರಿದಾಗ ಬಳ್ಳಾರಿ ರಸ್ತೆ ಏಳನೇ ರಾಷ್ಟ್ರೀಯ ಹೆದ್ದಾರಿ ಎನಿಸಿಕೊಂಡಿತ್ತು. (2010ರ ಮರುಸಂಖ್ಯೆಯ ನಂತರ ಅದು 44 ಆಗಿದೆ.) ಎರಡೂ ಬದಿ ಮರಗಳು, ಒಂದೆಡೆ ಕೆರೆ, ಇನ್ನೊಂದೆಡೆ ಪಶುವೈದ್ಯ ಕಾಲೇಜು. ಶಾಲೆಯ ಗೇಟಿನ ಹೊರಗಿದ್ದ ಹೊಂಗೆಮರದ ನೆರಳಿನಲ್ಲಿ ಬಸ್ಸಿಗೆ ಕಾಯುತ್ತಿದ್ದುದು ನಿಮಗೂ ನೆನಪಿರಬಹುದು. ಆಮೇಲೆ ಹೊರವರ್ತುಲ ರಸ್ತೆ ಬಂದು ಹೆಬ್ಬಾಳದಲ್ಲಿ ಹೆದ್ದಾರಿಯನ್ನು ಸಂಧಿಸಿತು. ರೈಲು ಹಳಿಯನ್ನೂ ದಾಟಬೇಕಿದ್ದ ಆ ಕೂಡುಸ್ಥಳಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಟ್ಟಿದ ಮೇಲ್ಸೇತುವೆ 2003ರಲ್ಲಿ ಸಂಚಾರಕ್ಕೆ ತೆರೆಯಿತು. ಸುತ್ತುವ ಕವಲುಗಳನ್ನೆಲ್ಲ ಸೇರಿಸಿದರೆ ಐದು ಕಿಲೋಮೀಟರಿಗೂ ಮೀರಿದ ಉದ್ದ. ಭಾನುವಾರ ಸಂಸಾರಸಮೇತ ಹೋಗಿ ನೋಡಿ ಬಂದವರಿದ್ದರು. ನಾನೂ ಒಂಬತ್ತನೇ ತರಗತಿಯ ಮಕ್ಕಳಿಗೆ ಅದರ ಚಿತ್ರ ಬರೆಸಿದ್ದೆ.

ಐದೇ ವರ್ಷಗಳಲ್ಲಿ ಲೆಕ್ಕ ತಲೆಕೆಳಗಾಯಿತು. 2008ರ ಮೇ 24ರಂದು ದೇವನಹಳ್ಳಿಯ ಹೊಸ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿತು. ಮೊದಮೊದಲು ವರ್ಷಕ್ಕೆ ಒಂದು ಕೋಟಿಗೂ ಕಡಿಮೆ ಪ್ರಯಾಣಿಕರು. 2024-25ರಲ್ಲಿ ನಾಲ್ಕು ಕೋಟಿಗೂ ಹೆಚ್ಚು. ಅವರಿಗಾಗಿ ಹೆಬ್ಬಾಳದಿಂದಾಚೆ ರಸ್ತೆ ಅಗಲವಾಯಿತು, 2014ರ ವೇಳೆಗೆ ಎತ್ತರಿಸಿದ ಹೆದ್ದಾರಿಯೂ ಸಿದ್ಧವಾಯಿತು. ಅಗಲವಾಗದೆ ಉಳಿದದ್ದು ನಡುವಿನ ಸೇತುವೆ. ಯಲಹಂಕದ ಕಡೆಯಿಂದ ವಿಶಾಲವಾಗಿ ಹರಿದು ಬರುವ ವಾಹನಗಳು, ಕೆ.ಆರ್. ಪುರದ ಕಡೆಯಿಂದ ವರ್ತುಲ ರಸ್ತೆಯಲ್ಲಿ ಬರುವವು, ಎಲ್ಲವೂ ನಗರದತ್ತ ಇಳಿಯುವ ಎರಡು ಸಾಲಿನ ಕಿರಿದಾದ ತೋಳಿನಲ್ಲಿ ನುಗ್ಗಬೇಕಿತ್ತು. ಅಡುಗೆಮನೆಯ ಲಾಳಿಕೆಯನ್ನು ನೆನೆಸಿಕೊಳ್ಳಿ. ಬಾಯಿ ಎಷ್ಟು ದೊಡ್ಡದು ಮಾಡಿದರೂ ಎಣ್ಣೆ ಇಳಿಯುವುದು ಕೆಳಗಿನ ಕೊಳವೆಯ ಅಳತೆಯಷ್ಟೇ. ಬಾಯಿ ದೊಡ್ಡದಾದಷ್ಟೂ ಮೇಲೆ ನಿಲ್ಲುವ ಎಣ್ಣೆ ಹೆಚ್ಚು, ಅಷ್ಟೆ.

2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಸೇತುವೆ ಕಟ್ಟುವ ಯೋಜನೆ ಬಂತು. ಸುಮಾರು 1,791 ಕೋಟಿ ರೂಪಾಯಿ. ಬಲಿಯಾಗಬೇಕಿದ್ದ ಮರಗಳು 812. ಆ ವರ್ಷ ಅಕ್ಟೋಬರ್ 16ರಂದು ಜನ ಕೈಕೈ ಹಿಡಿದು ದಾರಿಯುದ್ದಕ್ಕೂ ಮಾನವ ಸರಪಳಿಯಾಗಿ ನಿಂತು 'ಬೇಡ' ಎಂದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಮರಗಳು ಉಳಿದದ್ದು ನನಗೆ ಸಂತೋಷವೇ. ಆದರೆ ದಿನವೂ ಬಸ್ಸಿನಲ್ಲಿ ನಿಂತು ಬರುವವರ ಕಷ್ಟ ಅದರಿಂದ ಪರಿಹಾರವಾಗಲಿಲ್ಲವೆಂಬುದೂ ನಿಜ.

ಉಳಿದ ಇಕ್ಕಟ್ಟಿನ ಭಾಗ ಅರಮನೆ ಮೈದಾನದ ಪಕ್ಕದ್ದು. 1996ರ ಕಾಯಿದೆಯ ಮೂಲಕ ಸರ್ಕಾರ ಅರಮನೆಯ 472 ಎಕರೆಯನ್ನು 11 ಕೋಟಿ ರೂಪಾಯಿಗೆ ವಶಪಡಿಸಿಕೊಳ್ಳಲು ಹೊರಟಿತು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಬಳ್ಳಾರಿ ರಸ್ತೆ ಮತ್ತು ಜಯಮಹಲ್ ರಸ್ತೆಗಳನ್ನು ಅಗಲಿಸಲು ಬೇಕಾದದ್ದು ಅದರಲ್ಲಿ 15 ಎಕರೆ 39 ಗುಂಟೆ ಮಾತ್ರ. ಅದಕ್ಕೆ ಪ್ರತಿಯಾಗಿ ಟಿಡಿಆರ್, ಅಂದರೆ ಬೇರೆಡೆ ಹೆಚ್ಚು ಕಟ್ಟಿಕೊಳ್ಳಬಹುದಾದ ಹಕ್ಕಿನ ಪತ್ರ ಕೊಡಬೇಕೆಂದಾಯಿತು. 2024ರ ಡಿಸೆಂಬರಿನಲ್ಲಿ ನ್ಯಾಯಾಲಯ ನಿಗದಿಪಡಿಸಿದ ದರದಂತೆ ಲೆಕ್ಕ ಹಾಕಿದಾಗ ಮೊತ್ತ 3,000 ಕೋಟಿ ದಾಟಿತು. ಸರ್ಕಾರ ಬೆಚ್ಚಿ, 2025ರ ಜನವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಿತು.

ಇಲ್ಲಿ ನನ್ನ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ. ಇದೇ ಹೆದ್ದಾರಿಯ ಬದಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ರಸ್ತೆ ಅಗಲವಾದಾಗ ಅಂಗಡಿಯ ಮುಂಭಾಗ ಹನ್ನೊಂದು ಅಡಿ ಹೋಯಿತು. ಉಳಿದದ್ದು ಒಂದು ಗೋಡೆ ಮತ್ತು ಕಪಾಟು. ಅವನಿಗೂ ಅಂಥದೇ ಪತ್ರ ಕೊಡುವುದಾಗಿ ಕಚೇರಿಯವರು ಹೇಳಿದರು. "ಮೇಷ್ಟ್ರೇ, ಮೇಲೆ ಇನ್ನೊಂದು ಮಹಡಿ ಕಟ್ಟೋ ಹಕ್ಕು ಕೊಡ್ತಾರಂತೆ. ಕೆಳಗೆ ನೆಲಾನೇ ಇಲ್ವಲ್ಲ, ಕಟ್ಟೋದೆಲ್ಲಿ?" ಎಂದು ಕೇಳಿದ. ನನ್ನ ಬಿ.ಎಡ್. ತರಬೇತಿಯಲ್ಲಿ ಈ ಪ್ರಶ್ನೆಗೆ ಉತ್ತರ ಕಲಿಸಿರಲಿಲ್ಲ. ಅರಮನೆಗೆ ವಕೀಲರಿದ್ದಾರೆ, ಸರ್ಕಾರಕ್ಕೆ ಶಾಸನಸಭೆಯಿದೆ. ಹನ್ನೊಂದು ಅಡಿಯವನು ದಶಕಗಳ ಕಾಲ ವ್ಯಾಜ್ಯ ನಡೆಸಲಾರ. ಅವನು ಈಗ ಮಗನ ಮನೆಯ ಹತ್ತಿರ ತಳ್ಳುಗಾಡಿಯಲ್ಲಿ ಪಂಕ್ಚರ್ ಹಾಕುತ್ತಾನೆ. ಹಾಗೆಂದು ರಸ್ತೆ ಅಗಲಿಸಲೇ ಬಾರದೆಂದು ನಾನು ಹೇಳಲಾರೆ. ಆಂಬ್ಯುಲೆನ್ಸ್ ಸಿಕ್ಕಿಬಿದ್ದು ಕೂಗುವುದನ್ನು ನಾನೂ ಕೇಳಿದ್ದೇನೆ. ನೆಲ ತೆಗೆದುಕೊಳ್ಳುವ ದಿನವೇ ಬೆಲೆಯನ್ನು ಹಣದ ರೂಪದಲ್ಲಿ ಕೊಡಬೇಕು ಎಂಬುದಷ್ಟೇ ನನ್ನ ವಾದ.

2025ರ ಆಗಸ್ಟ್ 18ರಂದು ಹೆಬ್ಬಾಳದಲ್ಲಿ ಸುಮಾರು 700 ಮೀಟರ್ ಉದ್ದದ ಹೊಸ ಕವಲು ಉದ್ಘಾಟನೆಯಾಯಿತು; ನಾಗವಾರದ ಕಡೆಯಿಂದ ಬರುವವರು ಮೇಖ್ರಿ ವೃತ್ತದತ್ತ ಇಳಿಯಲು. ನಾನು ಬಸ್ಸಿನಲ್ಲಿ ಹೋಗಿ ನೋಡಿದೆ. ಸೇತುವೆಯ ಮೇಲೆ ಸಲೀಸು. ಮುಂದೆ ಮೇಖ್ರಿ ದಾಟಿದ ಮೇಲೆ ಬಸ್ಸು ನಿಂತಿತು. ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1962ರಲ್ಲೇ ಇದನ್ನು ವಿವರಿಸಿದ್ದರು: ದಾರಿ ಸಲೀಸಾಯಿತೆಂದು ತಿಳಿದ ಕೂಡಲೆ ಬೇರೆ ದಾರಿಯವರು, ಬೇರೆ ಹೊತ್ತಿನವರು, ಬಸ್ಸು ಹತ್ತುತ್ತಿದ್ದವರು, ಎಲ್ಲರೂ ಅದಕ್ಕೇ ಬರುತ್ತಾರೆ. ದಟ್ಟಣೆ ಮೊದಲಿನಷ್ಟೇ ಆಗುತ್ತದೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಹದಿನಾರು ಕಿಲೋಮೀಟರಿಗೂ ಉದ್ದದ ಸುರಂಗ ರಸ್ತೆಗೆ 2025ರಲ್ಲಿ ಟೆಂಡರ್ ಕರೆದಾಗ ನನಗೆ ನೆನಪಾದದ್ದು ಡೌನ್ಸ್ ಅವರೇ. ವಿಮಾನ ನಿಲ್ದಾಣದ ಮೆಟ್ರೋ ಮಾರ್ಗದ ಮೇಲೆಯೇ ನನ್ನ ಆಸೆ. 2003ರಲ್ಲಿ ಸೇತುವೆಯ ಜೊತೆಗೇ ಅದನ್ನೂ ಯೋಚಿಸಬಾರದಿತ್ತೆ?

ಹೊಂಗೆಮರ ಹೋಗಿದೆ. ಶಾಲೆಯ ಕಾಂಪೌಂಡ್ ಗೋಡೆ ಒಳಕ್ಕೆ ಸರಿದು, ಪ್ರಾರ್ಥನೆಗೆ ನಿಲ್ಲುತ್ತಿದ್ದ ಅಂಗಳ ಅರ್ಧವಾಗಿದೆ. 2003ಕ್ಕಿಂತ ಹಿಂದಿನ ಆ ರಸ್ತೆಯ ಭಾವಚಿತ್ರ ನನ್ನಲ್ಲಿ ಒಂದೂ ಇಲ್ಲ. ನಿಮ್ಮ ಬೀಳ್ಕೊಡುಗೆ ಸಮಾರಂಭದ ಗುಂಪುಚಿತ್ರಗಳ ಹಿನ್ನೆಲೆಯಲ್ಲಾದರೂ ಗೇಟು, ಮರ ಇದ್ದೀತು. ಸಿಕ್ಕರೆ ದಯವಿಟ್ಟು ಸ್ಕ್ಯಾನ್ ಮಾಡಿ ಕಳುಹಿಸಿ; ಯಾವ ವರ್ಷದ್ದೆಂದು ಬರೆಯಲು ಮರೆಯಬೇಡಿ.