ಒಮ್ಮೆ ಇಳಿಸಿ, ಎಲ್ಲೆಡೆ ಬಳಸಿ: ಲಿನಕ್ಸ್ ಅಳವಡಿಕೆಗೆ ಕ್ಯಾಶಿಂಗ್ ಪ್ರಾಕ್ಸಿ

ಶಾಲೆ ಅಥವಾ ಕಚೇರಿಯೊಂದರ 20 ಗಣಕಯಂತ್ರಗಳಿಗೆ ಅಂತರ್ಜಾಲದ ಮೂಲಕ ಡೆಬಿಯನ್ ಲಿನಕ್ಸ್ ಅಳವಡಿಸಬೇಕಿದೆ ಎಂದುಕೊಳ್ಳಿ. 'ನೆಟ್‌ಇನ್‌ಸ್ಟ್' ಡಿಸ್ಕ್‌ನಲ್ಲಿ ಮೂಲ ವ್ಯವಸ್ಥೆಯಷ್ಟೇ ಇರುತ್ತದೆ. ಉಳಿದ ತಂತ್ರಾಂಶಗಳು 'ಮಿರರ್' ಎನ್ನಲಾಗುವ ದೂರದ ಸರ್ವರ್‌ನಿಂದ ಬರಬೇಕು. ಪ್ರತಿ ಯಂತ್ರಕ್ಕೆ 1 ಗಿಗಾಬೈಟ್ ಎಂದರೂ ಒಟ್ಟು 20 ಗಿಗಾಬೈಟ್. ಸೆಕೆಂಡಿಗೆ 8 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಇದಕ್ಕೆ ಸುಮಾರು ಐದೂವರೆ ತಾಸು ಹಿಡಿಯುತ್ತದೆ. ಹಾಗೆ ಇಳಿಯುವುದು ಬಹುಪಾಲು ಅವವೇ ಕಡತಗಳು! ಈ ಪುನರಾವರ್ತನೆಯನ್ನು ತಪ್ಪಿಸುವ ವ್ಯವಸ್ಥೆಯೇ ಪ್ಯಾಕೇಜ್ ಕ್ಯಾಶಿಂಗ್ ಪ್ರಾಕ್ಸಿ.

ಕೆಲಸ ಹೇಗೆ?: ಡೆಬಿಯನ್, ಉಬುಂಟು ಬಳಕೆದಾರರಲ್ಲಿ ಪರಿಚಿತವಾಗಿರುವ ಇಂಥ ತಂತ್ರಾಂಶ 'ಆಪ್ಟ್-ಕ್ಯಾಶರ್-ಎನ್‌ಜಿ'. ಸ್ಥಳೀಯ ಜಾಲದ ಒಂದು ಯಂತ್ರದಲ್ಲಿ ಇದನ್ನು ಅಳವಡಿಸಿದರೆ ಸಾಕು. ಮೊದಲ ಯಂತ್ರ ಕೇಳಿದ ಪ್ಯಾಕೇಜನ್ನು ಅದು ಮಿರರ್‌ನಿಂದ ತಂದು ಕೊಟ್ಟು, ಒಂದು ಪ್ರತಿಯನ್ನು ತನ್ನಲ್ಲಿ ಉಳಿಸಿಕೊಳ್ಳುತ್ತದೆ. ಎರಡನೆಯ ಯಂತ್ರ ಅದನ್ನೇ ಕೇಳಿದಾಗ ಸಂಗ್ರಹದಿಂದಲೇ ಒದಗಿಸುತ್ತದೆ. ಮೇಲಿನ ಉದಾಹರಣೆಯಲ್ಲಿ ಹೊರಗಿನಿಂದ ಬರಬೇಕಾದದ್ದು 1 ಗಿಗಾಬೈಟ್ ಮಾತ್ರ. ಅವಧಿ ಸುಮಾರು 17 ನಿಮಿಷ.

ಬಳಸುವ ಬಗೆ: ಅಳವಡಿಕೆಯ ವೇಳೆ ಮಿರರ್ ಆಯ್ಕೆಯಾದ ಬಳಿಕ ಎಚ್‌ಟಿಟಿಪಿ ಪ್ರಾಕ್ಸಿಯ ವಿವರ ಕೇಳಲಾಗುತ್ತದೆ. ಹಲವರು ಇದನ್ನು ಖಾಲಿ ಬಿಟ್ಟು ಮುಂದುವರಿಯುತ್ತಾರೆ. ಅಲ್ಲಿ ಪ್ರಾಕ್ಸಿ ಯಂತ್ರದ ವಿಳಾಸವನ್ನೂ 3142 ಎಂಬ ಪೋರ್ಟ್ ಸಂಖ್ಯೆಯನ್ನೂ ನಮೂದಿಸಬೇಕು. ಮಿರರ್ ಎಚ್‌ಟಿಟಿಪಿ ವಿಧಾನದ್ದಾಗಿರಲಿ. ಎಚ್‌ಟಿಟಿಪಿಎಸ್ ಸಂಪರ್ಕ ಗೂಢಲಿಪಿಯಲ್ಲಿರುವುದರಿಂದ ನಡುವಿನ ಪ್ರಾಕ್ಸಿಗೆ ಕಡತಗಳು ಕಾಣುವುದಿಲ್ಲ, ಸಂಗ್ರಹವೂ ಆಗುವುದಿಲ್ಲ.

ಸುರಕ್ಷಿತವೇ?: ಗೂಢಲಿಪಿಯಿಲ್ಲದೆ ಬಂದ ಪ್ಯಾಕೇಜನ್ನು ನಂಬಬಹುದೇ ಎಂಬ ಪ್ರಶ್ನೆ ಸಹಜ. ಪ್ಯಾಕೇಜ್ ಪಟ್ಟಿಗೆ ಡೆಬಿಯನ್ ಡಿಜಿಟಲ್ ಸಹಿ ಹಾಕಿರುತ್ತದೆ. ಪಟ್ಟಿಯಲ್ಲಿ ಪ್ರತಿ ಕಡತದ ಹ್ಯಾಶ್ ಮೌಲ್ಯವಿರುತ್ತದೆ. ಯಂತ್ರವು ಇವೆರಡನ್ನೂ ಸ್ವತಃ ಪರಿಶೀಲಿಸುವುದರಿಂದ ನಡುವೆ ಯಾರಾದರೂ ಕಡತವನ್ನು ತಿದ್ದಿದ್ದರೆ ಅದು ತಿರಸ್ಕೃತವಾಗುತ್ತದೆ. ಆದರೂ ಪ್ರಾಕ್ಸಿಯನ್ನು ಸ್ಥಳೀಯ ಜಾಲಕ್ಕೆ ಸೀಮಿತಗೊಳಿಸುವುದು ಲೇಸು.

ಮರೆಯಬಾರದ್ದು: ನಮೂದಿಸಿದ ಪ್ರಾಕ್ಸಿ ವಿಳಾಸವು ಅಳವಡಿಕೆ ಮುಗಿದ ನಂತರವೂ 'ಆಪ್ಟ್' ಸಂರಚನಾ ಕಡತದಲ್ಲಿ ಉಳಿಯುತ್ತದೆ. ಅದೇ ಜಾಲದಲ್ಲಿರುವ ಯಂತ್ರಗಳಿಗೆ ಇದು ಅನುಕೂಲವೇ. ಮುಂದಿನ ಭದ್ರತಾ ಪರಿಷ್ಕರಣೆಗಳೂ ಒಮ್ಮೆ ಮಾತ್ರ ಇಳಿಯುತ್ತವೆ. ಆದರೆ ಲ್ಯಾಪ್‌ಟಾಪನ್ನು ಮನೆಗೊಯ್ದರೆ ಪ್ರಾಕ್ಸಿ ಸಿಗದೆ ಪರಿಷ್ಕರಣೆಯೇ ನಿಲ್ಲುತ್ತದೆ. ಅಂಥ ಯಂತ್ರಗಳಿಂದ ಆ ಸಾಲನ್ನು ಅಳಿಸುವುದು ಅಗತ್ಯ.