ಆಟಿಯ ಮಾರಿಯೂ ವಾರದ ಲೆಕ್ಕವೂ

ಪುತ್ತೂರು ತಾಲ್ಲೂಕಿನ ನರಿಮೊಗರು ಮತ್ತು ಅದರ ಆಚೀಚೆಯ ಹಳ್ಳಿಗಳಲ್ಲಿ ರೋಗರುಜಿನಕ್ಕೆಂದೇ ಒಂದು ತಿಂಗಳಿತ್ತು. ಅದು ಆಟಿ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಡುಮಳೆಯ ಕಾಲ. ನಾಟಿ ಮುಗಿದು, ಕಣಜ ಬರಿದಾಗಿ, ಬಾವಿಗೆ ಕೊಚ್ಚೆನೀರು ಇಳಿಯುವ ಆ ದಿನಗಳಲ್ಲಿ ನಲಿಕೆ ಸಮುದಾಯದವರು ಆಟಿ ಕಳೆಂಜನ ವೇಷ ತೊಟ್ಟು, ತಾಳೆಗರಿಯ ಕೊಡೆ ಹಿಡಿದು ಮನೆಮನೆಗೆ ಬರುತ್ತಿದ್ದರು. ಊರಿಗೆ ಬಂದ ಮಾರಿಯನ್ನು ಕಳೆಯುವವನೇ ಕಳೆಂಜ ಎಂಬುದು ನಂಬಿಕೆ. ಆಟಿ ಅಮಾವಾಸ್ಯೆಯ ಬೆಳಗ್ಗೆ ಹಾಲೆಮರದ ತೊಗಟೆಯ ಕಹಿ ಕಷಾಯ ಕುಡಿಯುವ ರೂಢಿ ಇಂದಿಗೂ ಇದೆ.

ಈ ಆಚರಣೆಗಳ ಹಿಂದೆ ತಲೆಮಾರುಗಳ ಅನುಭವವಿದೆ: ರೋಗಕ್ಕೂ ಋತುವುಂಟು. ಆದರೆ ಈ ವರ್ಷ ಎಷ್ಟು ಮಂದಿಗೆ, ಯಾವ ಬಾವಿಯ ನೀರಿನಿಂದ ಎಂಬುದನ್ನು ಪಂಚಾಂಗ ಹೇಳಲಾರದು. ಅದಕ್ಕೆ ಎಣಿಕೆಯೇ ಬೇಕು. 1854ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ಕಾಲರಾದಿಂದ ಸತ್ತವರ ಮನೆಗಳನ್ನು ಗುರುತಿಸುತ್ತ ಹೋಗಿ, ಸಾವುಗಳು ಬ್ರಾಡ್ ಬೀದಿಯ ಒಂದು ಕೈಪಂಪಿನ ಸುತ್ತ ಹೆಚ್ಚಾಗಿರುವುದನ್ನು ತೋರಿಸಿದ. ಕೆಟ್ಟ ಗಾಳಿಯೇ ಕಾಲರಾಕ್ಕೆ ಕಾರಣವೆಂದು ಬಹುಮಂದಿ ನಂಬಿದ್ದ ಕಾಲವದು.

ಪಂಚಾಂಗಕ್ಕೆ ಸಿಗದ ಇನ್ನೊಂದು ಭೇದಿಯೂ ಇತ್ತು. ಹಸುಳೆಗಳ ವಾಂತಿಭೇದಿಯನ್ನು ಹಲ್ಲು ಮೂಡುವಾಗಿನ ಬಾಧೆಯೆಂದು ಹಿರಿಯರು ಹೇಳುವುದುಂಟು. 1973ರಲ್ಲಿ ಮೆಲ್ಬರ್ನಿನ ರೂತ್ ಬಿಷಪ್ ಮತ್ತು ಸಂಗಡಿಗರು ಭೇದಿಯಿಂದ ನರಳುತ್ತಿದ್ದ ಮಕ್ಕಳ ಕರುಳಿನ ಅಂಗಾಂಶದಲ್ಲಿ ವೈರಸ್ಸೊಂದನ್ನು ಕಂಡರು. ಚಕ್ರದಂತೆ ಕಾಣುವ ಅದಕ್ಕೆ ರೋಟಾ ವೈರಸ್ ಎಂಬ ಹೆಸರಾಯಿತು. ಉತ್ತರ ಭಾರತದಲ್ಲಿ ಅದು ಚಳಿಗಾಲದಲ್ಲಿ ಏರುತ್ತದೆ; ದಕ್ಷಿಣದಲ್ಲಿ ವರ್ಷವಿಡೀ ಕಾಣಿಸಿಕೊಳ್ಳುತ್ತದೆ. ಅಂದರೆ ಆಟಿ ಕಳೆಯಿತೆಂದು ನೆಮ್ಮದಿಯಾಗಿರುವಂತಿಲ್ಲ. ದೆಹಲಿಯ ನವಜಾತ ಶಿಶುವೊಂದರಲ್ಲಿ ಸಿಕ್ಕ, ಕಾಯಿಲೆ ತಾರದ ತಳಿಯಿಂದ ಸ್ವದೇಶಿ ಲಸಿಕೆ ರೋಟಾವ್ಯಾಕ್ ಸಿದ್ಧವಾಯಿತು. ರೋಟಾ ಲಸಿಕೆ 2016ರಲ್ಲಿ ನಾಲ್ಕು ರಾಜ್ಯಗಳ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವನ್ನು ಸೇರಿ, 2019ರ ವೇಳೆಗೆ ದೇಶಕ್ಕೆಲ್ಲ ಹಬ್ಬಿತು.

ಎಣಿಕೆಯ ಕೆಲಸಕ್ಕೂ ವ್ಯವಸ್ಥೆಯೊಂದು ಬಂತು. 2004ರಲ್ಲಿ ಕೇಂದ್ರ ಸರ್ಕಾರ ಸಮಗ್ರ ರೋಗ ಕಣ್ಗಾವಲು ಯೋಜನೆಯನ್ನು ಆರಂಭಿಸಿತು. ಉಪಕೇಂದ್ರದ ಆರೋಗ್ಯ ಸಹಾಯಕಿ, ವೈದ್ಯರು, ಪ್ರಯೋಗಾಲಯ ಹೀಗೆ ಮೂವರಿಂದ ವಾರ ವಾರ ವರದಿ ಹೋಗುತ್ತಿದ್ದ ಕ್ರಮವದು. ಈಗ ಈ ಲೆಕ್ಕ ಕಂಪ್ಯೂಟರಿಗೇರಿದೆ. ಒಂದೇ ವಾರದಲ್ಲಿ ಒಂದೇ ಓಣಿಯ ನಾಲ್ಕಾರು ಮನೆಗಳಲ್ಲಿ ಭೇದಿ ಕಂಡರೆ ನೀರಿನ ಮೇಲೆ ಅನುಮಾನ ಬರುತ್ತದೆ, ಬಾವಿಗೆ ಬ್ಲೀಚಿಂಗ್ ಪುಡಿ ಬೀಳುತ್ತದೆ, ಓಆರ್‌ಎಸ್ ಪೊಟ್ಟಣ ಮನೆಗೆ ತಲುಪುತ್ತದೆ. ಮೈಯ ನೀರು ಆರಿದ ಕೂಸಿಗೆ ಒಂದು ದಿನದ ತಡವೂ ಪ್ರಾಣಕ್ಕೆ ಎರವಾಗಬಹುದು.

ಆದರೆ ಈ ಲೆಕ್ಕ ಶುರುವಾಗುವುದು ಮನೆಯ ಜಗಲಿಯಲ್ಲಿ. ಆಶಾ ಕಾರ್ಯಕರ್ತೆ ಬಂದು ಕೇಳಿದಾಗ ಹೇಳದೆ ಉಳಿದ ಭೇದಿ ಯಾವ ಕಂಪ್ಯೂಟರಿಗೂ ಕಾಣುವುದಿಲ್ಲ.