ಉಳಿದ ಉಲ್ಲನ್ನಿನ ಕುಂಬಳಕಾಯಿ

ನಮ್ಮ ಕಡೆ ಯಾವ ಮನೆಯ ಟ್ರಂಕು ತೆಗೆದರೂ ತಳದಲ್ಲಿ ಒಂದು ಗಂಟು ಸಿಕ್ಕೇ ಸಿಗುತ್ತದೆ. ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿಟ್ಟ ಉಲ್ಲನ್ ದಾರದ ಚಿಕ್ಕಪುಟ್ಟ ಉಂಡೆಗಳು. ಮೊಮ್ಮಗನ ಕುಲಾವಿಗೆ ತಂದು ಉಳಿದ ಹಳದಿ, ಯಾವುದೋ ಕಾಲದ ಬೂದುಬಣ್ಣದ ಸ್ವೆಟರಿನ ಅರ್ಧ ಉಂಡೆ, ಯಾವುದಕ್ಕೆ ತಂದದ್ದೆಂದು ಯಾರಿಗೂ ನೆನಪಿಲ್ಲದ ಕೇಸರಿ. ಯಾವುದಕ್ಕೂ ಸಾಲದು, ಎಸೆಯಲು ಮನಸ್ಸು ಬಾರದು. ನಿಮ್ಮ ಮನೆಯಲ್ಲೂ ಇದ್ದೀತು, ನೋಡಿ.

ಈ ಗಂಟಿನಿಂದ ನಾನು ನಾಲ್ಕೈದು ವರ್ಷಗಳಿಂದ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾದ ಕುಂಬಳಕಾಯಿಗಳನ್ನು ಹೆಣೆಯುತ್ತಿದ್ದೇನೆ. ‘ಇದರಿಂದ ಏನು ಉಪಯೋಗರೀ ಟೀಚರ?’ ಎಂದು ಕೇಳದವರಿಲ್ಲ. ಪ್ರಶ್ನೆ ಸಣ್ಣದಲ್ಲ. ನಮ್ಮ ನಾಡಿಗೆ ಹೆಣಿಗೆ ಬಂದ ದಿನದಿಂದ ಅದರ ಬೆನ್ನು ಹತ್ತಿರುವ ಪ್ರಶ್ನೆ ಅದು.

ಉಣ್ಣೆ ನಮಗೆ ಹೊಸದಲ್ಲ, ಹೆಣಿಗೆ ಹೊಸದು. ದಖ್ಖನಿನ ಕರಿ ಕುರಿಯ ಉಣ್ಣೆಯನ್ನು ಕುರುಬರ ಹೆಣ್ಣುಮಕ್ಕಳು ನೂಲುತ್ತಿದ್ದರು, ಗಂಡಸರು ಮಗ್ಗದಲ್ಲಿ ಕೂತು ಕಂಬಳಿ ನೇಯುತ್ತಿದ್ದರು, ಹುಣಸೆಬೀಜದ ಸರಿ ಹಚ್ಚಿ ಗಟ್ಟಿ ಮಾಡುತ್ತಿದ್ದರು. ಮಳೆ, ಚಳಿ, ಮದುವೆಯ ಹಸೆ, ಎಲ್ಲಕ್ಕೂ ಅದೇ ಕಂಬಳಿ. ಇರಕಲ್ ಸೀರೆಯ ಮೇಲೆ ಕಸೂತಿ ಇತ್ತು, ಹಳೆಯ ಬಟ್ಟೆಗೆ ಕೌದಿ ಇತ್ತು. ಆದರೆ ಎರಡು ಕಡ್ಡಿ ಹಿಡಿದು ಒಂದೇ ಎಳೆಯಲ್ಲಿ ಕುಣಿಕೆಯೊಳಗೆ ಕುಣಿಕೆ ತೂರಿಸುವ ಕೆಲಸ ನಮ್ಮ ಅಜ್ಜಿಯರ ಅಜ್ಜಿಯರಿಗೆ ಬರುತ್ತಿರಲಿಲ್ಲ. ಅದರ ತವರು ದೂರದ್ದು. ಈಜಿಪ್ಟಿನಲ್ಲಿ ಸುಮಾರು ಸಾವಿರ ವರ್ಷದ ಹಿಂದಿನ ಹೆಣೆದ ಕಾಲುಚೀಲಗಳು ಸಿಕ್ಕಿವೆ. ಯುರೋಪಿನಲ್ಲಿ ಅದು ಒಂದು ಕಾಲಕ್ಕೆ ಗಂಡಸರ ಸಂಘಗಳ ಕಸುಬಾಗಿತ್ತು. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರ ಕಟ್ಟಿದ. ಯಂತ್ರ ಗಂಡಸರ ಕಸುಬಾಯಿತು, ಕಡ್ಡಿ ಬಹುಮಟ್ಟಿಗೆ ಮನೆಯ ಹೆಂಗಸರ ಕೈಗೆ ಬಂತು.

ನಮ್ಮ ಕಡೆ ಈ ಕಡ್ಡಿಗಳು ಬಂದದ್ದು ಮಿಶನ್ ಶಾಲೆಗಳ ಜೊತೆ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ನಮಗೆ ಕಿಟೆಲ್ಲರ ನಿಘಂಟು ಗೊತ್ತು, ಹೆಂಚು ಗೊತ್ತು. ಆದರೆ ಮಿಶನರಿಗಳ ಹೆಂಡಂದಿರು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಓದುಬರಹದ ಸಂಗಡ ಹೊಲಿಗೆ, ಹೆಣಿಗೆ ಕಲಿಸಿದ್ದು ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ. ಕಾಲುಚೀಲವನ್ನೇ ತೊಡದ ನಾಡಿನಲ್ಲಿ ಹುಡುಗಿಯರು ಕಾಲುಚೀಲ ಹೆಣೆಯಲು ಕಲಿತರೆಂದರೆ ನಗು ಬರುತ್ತದೆ. ಅವರಿಗೆ ಕಲಿಸಬೇಕಾಗಿದ್ದದ್ದು ಕಾಲುಚೀಲವಲ್ಲ, ಕೈ ಖಾಲಿ ಇಡಬಾರದೆಂಬುದು. ಖಾಲಿ ಕೂತ ಹೆಣ್ಣು ಕೆಟ್ಟಾಳೆಂಬ ಭಯ ಅವರಿಗೂ ಇತ್ತು, ನಮ್ಮವರಿಗೂ ಇತ್ತು. ಅದಕ್ಕೇ ಇರಬೇಕು, ಮತ ಒಪ್ಪದವರ ಮನೆಗಳೂ ಕಡ್ಡಿಯನ್ನು ಒಪ್ಪಿಕೊಂಡವು.

ಮುಂದೆ ದೇಶದ ಕೆಲಸಕ್ಕೂ ದಾರವೇ ಬೇಕಾಯಿತು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರು ಊರೂರು ತಿರುಗಿ ಹೆಣ್ಣುಮಕ್ಕಳನ್ನು ಮನೆಯಿಂದ ಹೊರಡಿಸಿ ಸ್ವಯಂಸೇವಕಿಯರ ಪಡೆ ಕಟ್ಟಿದ್ದು ಆಗಲೇ. ಆ ಅಧಿವೇಶನ ಒಪ್ಪಿದ ನಿಯಮದಂತೆ ಕಾಂಗ್ರೆಸ್ಸಿನ ಸದಸ್ಯತ್ವಕ್ಕೆ ತಿಂಗಳಿಗೆ 2000 ಗಜ ನೂಲು ಕೊಡಬೇಕಾಗಿತ್ತು. ಅದು ಹತ್ತಿಯ ನೂಲು, ರಾಟಿಯ ಕೆಲಸ, ಹೆಣಿಗೆಯಲ್ಲ. ಆದರೂ ನನಗೆ ಆ ಲೆಕ್ಕ ಮರೆಯುವುದಿಲ್ಲ. ನನ್ನ ಒಂದು ಕುಂಬಳಕ್ಕೆ ಹಿಡಿಯುವುದು ಸುಮಾರು 20 ಗಜ. ತಿಂಗಳಿಗೆ ನೂರು ಕುಂಬಳದಷ್ಟು ದಾರ!

ಹೆಣಿಗೆಯ ದೊಡ್ಡ ಕಾಲ ಬಂದದ್ದು 1962ರಲ್ಲಿ. ಅಕ್ಟೋಬರ್ 20ಕ್ಕೆ ಚೀನಾ ದಾಳಿ ಮಾಡಿದಾಗ ನಮ್ಮ ಎಷ್ಟೋ ಸೈನಿಕರು ಹಿಮಾಲಯದ ಎತ್ತರದಲ್ಲಿ ಹತ್ತಿಯ ಬಟ್ಟೆಯಲ್ಲೇ ಇದ್ದರೆಂಬುದು ತಿಳಿದು ಇಡೀ ದೇಶವೇ ಮರುಗಿತು. ಹೆಂಗಸರು ಬಂಗಾರ ಕೊಟ್ಟರು, ಸ್ವೆಟರ್ ಹೆಣೆದರು. ನಮ್ಮವ್ವನಿಗೆ ಆಗ ಹದಿನಾಲ್ಕು. ಶಾಲೆಯಲ್ಲಿ ಉಲ್ಲನ್ನನ್ನು ತೂಗಿ ಕೊಡುತ್ತಿದ್ದರಂತೆ, ಹೆಣೆದು ತಂದಮೇಲೆ ಮಫ್ಲರ್ ಮತ್ತು ಉಳಿದ ದಾರ ಎರಡನ್ನೂ ಕೂಡಿಸಿ ಮತ್ತೆ ತೂಗುತ್ತಿದ್ದರಂತೆ. ‘ಅಂವ ಯಾವ ಊರಾಂವೋ, ಯಾರ ಮಗನೋ, ನಮಗೇನ ಗೊತ್ತಿತ್ತವಾ? ಅಂವಗ ಥಂಡಿ ಆಗಬಾರದಂತ ಹೆಣದ್ವಿ’ ಎನ್ನುತ್ತಿದ್ದಳು ಅವ್ವ. ಸ್ವಲ್ಪ ತಡೆದು, ‘ಒಂದು ಎಳಿ ಸೈತ ಇಟ್ಕೊಳ್ಳಿಲ್ಲ. ಅದರಾಗ ಗೊಂಬಿಗೆ ಒಂದು ಟೊಪಗಿ ಹೆಣೀಬೇಕಂತ ಭಾಳ ಆಸೆ ಇತ್ತು ನನಗ’ ಎಂದೂ ಸೇರಿಸುತ್ತಿದ್ದಳು. ಮೊದಲನೆಯ ಮಾತನ್ನು ಎಲ್ಲರೂ ಮೆಚ್ಚಿ ಕೇಳುತ್ತಿದ್ದರು. ಎರಡನೆಯದು ಕೇಳುವಷ್ಟರಲ್ಲಿ ಏಳುತ್ತಿದ್ದರು.

ಆಮೇಲೆ ಆಕ್ರಿಲಿಕ್ ಬಂತು. ನಾವು ಇವತ್ತಿಗೂ ‘ಉಲ್ಲನ್’ ಎನ್ನುವ ದಾರದಲ್ಲಿ ಬಹಳಷ್ಟಕ್ಕೆ ಕುರಿಯ ಸಂಬಂಧವೇ ಇಲ್ಲ. ಪೆಟ್ರೋಲಿಯಂನಿಂದ ಆದ ನೂಲು ಅದು. ನುಸಿ ತಿನ್ನದು, ಒಗೆದರೆ ಕುಗ್ಗದು, ಬೆಲೆ ಕಡಿಮೆ. ಲೂಧಿಯಾನಾದ ಲಡಿಗಳು ಹುಬ್ಬಳ್ಳಿಯ ಜವಳಿ ಸಾಲಿನಲ್ಲಿ ಬಣ್ಣಬಣ್ಣವಾಗಿ ತೂಗಾಡತೊಡಗಿದವು. ಹೆಣಿಗೆ ಬಡವರ ಮನೆಗೂ ಇಳಿದದ್ದು ಇದರಿಂದಲೇ. ಟ್ರಂಕಿನ ಗಂಟು ಬೆಳೆದದ್ದೂ ಇದರಿಂದಲೇ. ಅಷ್ಟರಲ್ಲಿ, 1977ರ ಈಶ್ವರಭಾಯಿ ಪಟೇಲ್ ಸಮಿತಿಯ ವರದಿಯಿಂದ ಶಾಲೆಗಳಿಗೆ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ ಬಂತು. ಹೆಸರಿನಲ್ಲೇ ಉಪಯೋಗ ಇದೆ, ಉತ್ಪಾದನೆಯೂ ಇದೆ. ನಾಲಿಗೆಗೆ ಭಾರವೆಂದು ಮಕ್ಕಳು ಎಸ್.ಯು.ಪಿ.ಡಬ್ಲ್ಯೂ. ಎಂದರು. ನಾನು ನೌಕರಿಗೆ ಸೇರಿದ ಹೊಸತರಲ್ಲಿ ಆ ಅವಧಿ ನನ್ನ ಪಾಲಿಗಿತ್ತು. ಗಂಡುಮಕ್ಕಳು ಗಿಡಕ್ಕೆ ನೀರು, ಹೆಣ್ಣುಮಕ್ಕಳು ಕಡ್ಡಿ. ಅಂಗೈಯಗಲದ ನಮೂನೆ ಹೆಣೆದು ತೋರಿಸಿದರೆ ಅಂಕ. ಅಂಕ ಬಿದ್ದಮೇಲೆ ಅದನ್ನು ಬಿಚ್ಚಿ ಮುಂದಿನ ವರ್ಷದ ಹುಡುಗಿಯರಿಗೆ ಅದೇ ದಾರ. ಎಷ್ಟೋ ಸಲ ಬಿಚ್ಚಿ ಹೆಣೆದ ಆ ಉಲ್ಲನ್ ಸುಕ್ಕುಸುಕ್ಕಾಗಿ ಶ್ಯಾವಿಗೆಯ ಹಾಗೆ ಕಾಣುತ್ತಿತ್ತು. ತಾನು ಹೆಣೆದದ್ದನ್ನು ಮನೆಗೊಯ್ದ ಹುಡುಗಿಯನ್ನು ನಾನು ಆ ವರ್ಷಗಳಲ್ಲಿ ಕಾಣಲಿಲ್ಲ.

ಕುಂಬಳದ ವಿಚಾರ ನನಗೆ ಬಂದದ್ದು ಅಮೆರಿಕದಲ್ಲಿರುವ ತಂಗಿಯ ಮಗಳಿಂದ. ಅಕ್ಟೋಬರ್ ತಿಂಗಳಲ್ಲಿ ಅಲ್ಲಿ ಹ್ಯಾಲೊವೀನ್ ಹಬ್ಬಕ್ಕೆ ಬಾಗಿಲಲ್ಲಿ ಕುಂಬಳ ಇಡುತ್ತಾರೆ. ಮೊದಲು ಐರ್ಲೆಂಡಿನವರು ಟರ್ನಿಪ್ ಗಡ್ಡೆ ಕೊರೆದು ದೀಪ ಇಡುತ್ತಿದ್ದರು. ಅಮೆರಿಕಕ್ಕೆ ವಲಸೆ ಹೋದಮೇಲೆ ಕೈಗೆ ಸಿಕ್ಕ ಕುಂಬಳ ಹಿಡಿದರು. ಹುಡುಗಿ ಉಳಿದ ದಾರದಲ್ಲಿ ಹೆಣೆದ ಕುಂಬಳದ ಫೋಟೋ ಕಳಿಸಿದಳು. ಸಿಹಿಗುಂಬಳದ ತವರೂ ಆ ಖಂಡವೇ. ಕೊಲಂಬಸನ ನಂತರ ಹಡಗು ಹತ್ತಿ ನಮ್ಮ ಹಿತ್ತಲಿಗೆ ಬಂದದ್ದು. ನಮ್ಮ ಹಳೆಯದೆಂದರೆ ಬೂದುಗುಂಬಳ, ಆಯುಧಪೂಜೆಗೆ ಒಡೆಯುವುದು, ದೃಷ್ಟಿಗೆಂದು ಕಟ್ಟುವುದು.

ಆ ಒಡೆಯುವ ವಿಷಯವೇ ನನಗೆ ಬಹಳ ದಿನ ಕಾಡಿತು. ಇಡೀ ಕುಂಬಳವನ್ನು ಹೆಣ್ಣುಮಕ್ಕಳು ಒಡೆಯಬಾರದೆಂದು ನಮ್ಮಲ್ಲಿ ರೂಢಿ. ಗಂಡಸು ಮೊದಲು ಚಾಕು ಹಾಕಬೇಕು, ಆಮೇಲೆ ಸಿಪ್ಪೆ ಹೆರೆದು, ಹೆಚ್ಚಿ, ಪಲ್ಯ ಮಾಡಿ ಬಡಿಸುವುದೆಲ್ಲ ನಮ್ಮದು. ಗಂಡ ಕೆಲಸಕ್ಕೆ ಹೋದಮೇಲೆ ಕುಂಬಳ ಹಿಡಿದು ಪಕ್ಕದ ಮನೆಯ ಹುಡುಗನಿಗಾಗಿ ಕಾದು ನಿಂತ ಹೆಂಗಸರನ್ನು ನೀವೂ ನೋಡಿರುತ್ತೀರಿ. ಕೊಯ್ಯಬಾರದ್ದನ್ನು ಹೆಣೆಯಬಾರದೆಂದು ಮಾತ್ರ ಯಾರೂ ಹೇಳಿಲ್ಲ.

ಕೆಲಸ ಸುಲಭ. ಹತ್ತನೆಯ ನಂಬರಿನ ಕಡ್ಡಿಯ ಮೇಲೆ 20 ಕುಣಿಕೆ ಹಾಕಿ, ಉಲ್ಟಾ ಇಲ್ಲದೆ ಎಲ್ಲ ಸಾಲೂ ಸೀದಾ, ಗೇಣಿನ ಮುಕ್ಕಾಲು ಪಾಲು ಉದ್ದ ಹೆಣೆಯಬೇಕು. ಎರಡೂ ತುದಿ ಕೂಡಿಸಿ ಹೊಲಿದರೆ ಬಳೆಯಂತಾಗುತ್ತದೆ, ಹೆಣಿಗೆಯ ಸಾಲುಗಳು ಈಗ ಮೇಲಿಂದ ಕೆಳಗೆ ನಿಂತು ಕುಂಬಳದ ಗೆರೆಗಳೇ ಆಗುತ್ತವೆ. ಒಂದು ಬಾಯಿ ನೆರಿಗೆ ಹಿಡಿದು ಮುಚ್ಚಿ, ಅರಳೆ ತುಂಬಿ, ಇನ್ನೊಂದು ಬಾಯಿ ಮುಚ್ಚಿ, ದಾರವನ್ನು ಮೇಲಿಂದ ಕೆಳಗೆ ಆರು ಸಲ ಸುತ್ತಿ ಎಳೆದರೆ ಉಬ್ಬುಗಳು ಏಳುತ್ತವೆ. ಹತ್ತಿ ಹಳೆಯ ಗಾದಿಯದಾದರೂ ನಡೆಯುತ್ತದೆ. ತೊಟ್ಟಿಗೆ ಹಸಿರು ಇಲ್ಲದಿದ್ದರೆ ನೀಲಿಯೂ ಆದೀತು.

ಬೇಸಿಗೆ ರಜೆಯಲ್ಲಿ ನಮ್ಮ ಓಣಿಯ ಆರೇಳು ಹೆಂಗಸರು ತಂತಮ್ಮ ಗಂಟು ಹಿಡಿದು ಬಂದರು. ಮಗನ ಸ್ವೆಟರಿನ ಕೆಂಪು, ತೀರಿಕೊಂಡ ಅತ್ತೆಯ ಶಾಲಿನ ನೇರಳೆ. ಒಬ್ಬಾಕೆಯ ಕುಂಬಳದಲ್ಲಿ ಐದು ಬಣ್ಣ, ಐದು ಮಕ್ಕಳವು. ಆಕೆ ಅದನ್ನು ಯಾರಿಗೂ ಕೊಡಲಿಲ್ಲ, ಶೋಕೇಸಿನಲ್ಲಿ ಗಂಡನ ಕಪ್ಪುಗಳ ನಡುವೆ ಜಾಗ ಮಾಡಿ ಇಟ್ಟಳು. ಅವ್ವ ಇದ್ದಿದ್ದರೆ ಗೊಂಬೆಯ ಟೊಪ್ಪಿಗೆ ಕೇಳುತ್ತಿದ್ದಳೇನೋ.

ಮೊನ್ನೆ ಗಬ್ಬೂರ ಕ್ರಾಸಿನಲ್ಲಿ ನಿಲ್ಲುವ ಆಟೋದ ಹುಡುಗ, ನನ್ನ ಹಳೆಯ ವಿದ್ಯಾರ್ಥಿಯೇ, ಬಂದು ನಿಂತ. ಬೈಪಾಸಿನಲ್ಲಿ ದಿನವೂ ಓಡಾಡುವವನು, ಗಾಡಿಗೆ ಕಟ್ಟಲು ಒಂದು ಕುಂಬಳ ಬೇಕಂತೆ. ನಿಂಬೆ, ಮೆಣಸಿನಕಾಯಿ ವಾರಕ್ಕೆ ಒಣಗುತ್ತದೆ, ಇದು ಒಣಗುವುದಿಲ್ಲವಲ್ಲ ಎಂಬುದು ಅವನ ಲೆಕ್ಕ. ‘ಆದ್ರ ಬಿಳೀದ ಬೇಕ್ರೀ ಟೀಚರ, ದೃಷ್ಟಿದು ಬಿಳೀದs ಇರತೈತಿ’ ಎಂದ. ಗಂಟಿನಲ್ಲಿ ಬಿಳಿ ಇರಲಿಲ್ಲ. ಜವಳಿ ಸಾಲಿಗೆ ಹೋಗಿ ಒಂದು ಇಡೀ ಉಂಡೆ ಹೊಸದಾಗಿ ತಂದೆ. ಅವನ ಕುಂಬಳಕ್ಕೆ ಬೇಕಾದದ್ದು 20 ಗಜ, ಉಳಿದದ್ದು ಈಗ ಟ್ರಂಕಿನಲ್ಲಿದೆ.